ಗರ್ಭಕ್ಕೆ ಎಷ್ಟು ವಾರ? ಮೊದಲ ಸ್ಕ್ಯಾನಿಂಗ್ ವರದಿ ಜೋಪಾನ



"ಮೊದಲು ಒಂದು ತಾರೀಕು ಹೇಳಿದ್ರು, ಈಗ ಸ್ಕ್ಯಾನಿಂಗ್‌ನಲ್ಲಿ ಇನ್ನೊಂದು ಬಂದಿದೆ. ಯಾವುದನ್ನ ನಂಬೋದು?" ಗರ್ಭಿಣಿಯರಿರುವ ಮನೆಗಳಲ್ಲಿ ಈ ಮಾತು ಸಾಮಾನ್ಯ. ಇದನ್ನು ನಾವೆಲ್ಲರೂ ಸರಿಯಾಗಿ ತಿಳಿದುಕೊಳ್ಳೋಣ.

ದಿನದ ಲೆಕ್ಕ

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸುತ್ತಾರೆ. ಸುಲಭವಾಗಿ, ಆ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿ. ಜನವರಿ 10ಕ್ಕೆ ಮುಟ್ಟಾಗಿದ್ದರೆ ಹೆರಿಗೆ ಅಕ್ಟೋಬರ್ 17ರ ಹಿಂದೆ ಮುಂದೆ. ಆದರೆ ನಮ್ಮಲ್ಲಿ ಹಲವರಿಗೆ ತಾರೀಕು ನೆನಪಿರುವುದಿಲ್ಲ. ಕೆಲವರಿಗೆ ಮುಟ್ಟು ಸರಿಯಾಗಿ ಬರುವುದಿಲ್ಲ. ಮಗುವಿಗೆ ಹಾಲುಣಿಸುತ್ತಿರುವಾಗ, ಮುಟ್ಟು ಮರಳುವ ಮೊದಲೇ ಬಸಿರಾಗುವವರೂ ಉಂಟು. ಇಂಥವರಿಗೆ ಸ್ಕ್ಯಾನಿಂಗೇ ಆಧಾರ.

ಸ್ಕ್ಯಾನಿಂಗ್ ಏನು ಅಳೆಯುತ್ತದೆ?

ಯಂತ್ರಕ್ಕೆ ಮಗುವಿನ ವಯಸ್ಸು ಗೊತ್ತಿಲ್ಲ, ಅಳತೆ ಮಾತ್ರ ಗೊತ್ತು. 14 ವಾರದೊಳಗೆ ತಲೆಯಿಂದ ಕುಂಡಿಯವರೆಗಿನ ಉದ್ದ ನೋಡುತ್ತಾರೆ. 8 ವಾರಕ್ಕೆ ಅದು ಸುಮಾರು ಒಂದೂವರೆ ಸೆಂಟಿಮೀಟರ್, 12 ವಾರಕ್ಕೆ ಸುಮಾರು ಐದೂವರೆ. ಈ ಲೆಕ್ಕದಲ್ಲಿ ವ್ಯತ್ಯಾಸ 5ರಿಂದ 7 ದಿನ ಅಷ್ಟೆ. ಆಮೇಲೆ ತಲೆಯ ಅಗಲ, ತಲೆ ಮತ್ತು ಹೊಟ್ಟೆಯ ಸುತ್ತಳತೆ, ತೊಡೆ ಮೂಳೆಯ ಉದ್ದ ಅಳೆಯುತ್ತಾರೆ. 28 ವಾರ ದಾಟಿದ ಮೇಲೆ ವ್ಯತ್ಯಾಸ ಮೂರು ವಾರದವರೆಗೂ ಹೋಗಬಹುದು.

ಯಾಕೆ ಹೀಗೆ? ರಾಗಿ ಹೊಲ ನೆನೆಸಿಕೊಳ್ಳಿ. ಮೊಳಕೆಯಲ್ಲಿ ಎಲ್ಲಾ ಪೈರೂ ಒಂದೇ ಎತ್ತರ. ನಂತರ ನೀರು ಗೊಬ್ಬರದಂತೆ ಒಂದು ಎತ್ತರ, ಒಂದು ಗಿಡ್ಡ. ಆಗ ಎತ್ತರ ನೋಡಿ ಬಿತ್ತಿದ ದಿನ ಹೇಳಲಾಗದು.

ತಾರೀಕು ಮುಂದೆ ಹೋಯಿತೇ?

9ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಅಕ್ಟೋಬರ್ 17 ಎಂದು ಖಚಿತವಾಗಿತ್ತು ಎನ್ನೋಣ. ಆಗಸ್ಟ್ ಕೊನೆಗೆ 33 ವಾರ ಆಗಬೇಕು. ಆದರೆ ಹೊಸ ವರದಿಯಲ್ಲಿ 30 ವಾರ ಎಂದಿದೆ. "ಓ, ಹೆರಿಗೆ ಮುಂದೆ ಹೋಯ್ತು" ಎಂದು ಸುಮ್ಮನಿರಬಾರದು. ತಾರೀಕು ಬದಲಾಗಿಲ್ಲ. ಮಗು ಸಾಕಷ್ಟು ಬೆಳೆಯುತ್ತಿಲ್ಲದಿರಬಹುದು. ಡಾಕ್ಟರು ಬೇಗ ಪರೀಕ್ಷೆ ಮಾಡಿದರೆ ಮಗುವನ್ನು ಕಾಪಾಡಲು ಸಮಯ ಸಿಗುತ್ತದೆ. ಹಾಗೆಯೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗು ದಪ್ಪಗಿದ್ದು, ವಾರ ಹೆಚ್ಚು ತೋರಿಸಬಹುದು. ಅದನ್ನು ನಂಬಿ ಅವಸರದಲ್ಲಿ ಹೆರಿಗೆ ಮಾಡಿಸಿದರೆ ದಿನ ತುಂಬದ ಮಗು ಉಸಿರಾಟಕ್ಕೆ ಕಷ್ಟಪಡಬಹುದು.

ನಾವು ಮಾಡಬೇಕಾದ್ದು

1. ಪ್ರತಿ ತಿಂಗಳು ಮುಟ್ಟಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡೋಣ.
2. ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸೋಣ.
3. 14 ವಾರದೊಳಗೆ ಒಂದು ಸ್ಕ್ಯಾನಿಂಗ್ ಆಗಲಿ. ಆ ವರದಿಯನ್ನು ತಾಯಿ ಕಾರ್ಡ್ ಜೊತೆ ಇಟ್ಟು, ತವರಿಗೆ ಹೋದರೂ, ಆಸ್ಪತ್ರೆ ಬದಲಾದರೂ ತಪ್ಪದೆ ತೋರಿಸೋಣ.
4. ಗಂಡೋ ಹೆಣ್ಣೋ ಎಂದು ಕೇಳುವುದು ಬೇಡ. 1994ರ ಕಾಯ್ದೆಯಂತೆ ಅದನ್ನು ಪತ್ತೆ ಮಾಡಿ ಹೇಳುವುದು ಅಪರಾಧ.

ಸಂಘದಲ್ಲಿ ಚರ್ಚಿಸಿ

ನಮ್ಮ ಸಂಘದಲ್ಲಿ ಈಗ ಗರ್ಭಿಣಿಯರು ಯಾರಿದ್ದಾರೆ? ಅವರ ಮೊದಲ ವರದಿ ಎಲ್ಲಿದೆ? ಸ್ಕ್ಯಾನಿಂಗ್‌ಗೆ ಹೋಗಲು ಬಸ್ ಚಾರ್ಜಿಗೂ ಕಷ್ಟವಾದರೆ ಸಂಘದ ಉಳಿತಾಯದಿಂದ ಹೇಗೆ ನೆರವಾಗಬಹುದು?