ಬ್ರೌಸರಿಗೆ ಕಟ್ಟುಪಾಡು

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಹಳೆಯ ಕೋಟೆಯುಳ್ಳ ಊರು. ಅಲ್ಲಿಯ ಶಾಲೆಯೊಂದರಲ್ಲಿ ಹತ್ತು ಗಣಕಯಂತ್ರಗಳಿದ್ದು, ವಿದ್ಯಾರ್ಥಿಗಳೆಲ್ಲರೂ ಒಂದೇ ಹೆಸರಿನಿಂದ ಅವನ್ನು ಬಳಸುವರೆಂದು ಭಾವಿಸೋಣ. ಬೆಳಿಗ್ಗೆ ಒಬ್ಬ ಹುಡುಗಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಾಳೆ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಬ್ರೌಸರು ಕೇಳುತ್ತದೆ; ಅವಳು ಅರಿಯದೆ ಒಪ್ಪುತ್ತಾಳೆ. ಮಧ್ಯಾಹ್ನ ಅದೇ ಯಂತ್ರದ ಮುಂದೆ ಕುಳಿತವನು ಅವಳ ಖಾತೆಯನ್ನು ಸುಲಭವಾಗಿ ತೆರೆಯಬಲ್ಲನು. ದಿನವೆಲ್ಲ ಪ್ರತಿಯೊಂದು ಯಂತ್ರದ ಬಳಿ ನಿಂತು ಕಾಯುವುದು ಯಾವ ಉಪಾಧ್ಯಾಯರಿಗೂ ಸಾಧ್ಯವಲ್ಲ. ಹಾಗಾದರೆ ಉಪಾಯವೇನು?

ಬ್ರೌಸರಿನ ಏರ್ಪಾಡುಗಳನ್ನು ನಿರ್ಣಯಿಸುವ ಆಜ್ಞೆಗಳು ಎರಡು ಕಡೆಗಳಿಂದ ಬರುತ್ತವೆ. ಬಳಕೆದಾರನು ತಾನೇ ಆರಿಸಿಕೊಂಡವು ಅವನ ಸ್ವಂತ ಕಡತದಲ್ಲಿರುತ್ತವೆ. ನಿರ್ವಾಹಕನು ವಿಧಿಸಿದವು ಸಾಮಾನ್ಯ ಬಳಕೆದಾರನು ತಿದ್ದಲಾಗದ ಸ್ಥಳದಲ್ಲಿರುತ್ತವೆ. ವಿಂಡೋಸ್ ವ್ಯವಸ್ಥೆಯಲ್ಲಿ ಆ ಸ್ಥಳವು ರಿಜಿಸ್ಟ್ರಿ ಎಂಬ ದಾಖಲೆಕೋಶದ ಒಂದು ಭಾಗ. ಲಿನಕ್ಸ್‌ನಲ್ಲಿ ಅದಕ್ಕೆಂದೇ ಇಟ್ಟ ಒಂದು ಕಡತ. ಬ್ರೌಸರು ಎರಡನ್ನೂ ಓದುತ್ತದೆ. ಅವು ಪರಸ್ಪರ ವಿರುದ್ಧವಾದರೆ ನಿರ್ವಾಹಕನ ಆಜ್ಞೆಯೇ ಮೇಲು. ಕ್ರೋಮ್ ಬ್ರೌಸರಿನಲ್ಲಿ ಕಡ್ಡಾಯವಾದವುಗಳ ಜೊತೆಗೆ, ಬಳಕೆದಾರನು ಬದಲಿಸಿಕೊಳ್ಳಬಹುದಾದ ಸಲಹಾರೂಪದ ನಿಯಮಗಳೂ ಉಂಟು.

ಹತ್ತು ಯಂತ್ರಗಳಿಗೆ ಹತ್ತು ಸಲ ನಿಯಮ ಬರೆಯಬೇಕಾಗಿಲ್ಲ. 2000ದಲ್ಲಿ ವಿಂಡೋಸ್ 2000ದೊಡನೆ ಬಂದ ಗ್ರೂಪ್ ಪಾಲಿಸಿ ಎಂಬ ವ್ಯವಸ್ಥೆಯಲ್ಲಿ, ಕೇಂದ್ರದ ಸರ್ವರಿನಲ್ಲಿ ಒಮ್ಮೆ ಬರೆದರೆ ಸಾಕು. ಅದಕ್ಕೆ ಸೇರಿದ ಗಣಕಗಳು ಆರಂಭವಾದಾಗ ಆ ನಿಯಮಗಳನ್ನು ತರಿಸಿಕೊಳ್ಳುತ್ತವೆ. ಅನಂತರ ಸಾಮಾನ್ಯವಾಗಿ 90ರಿಂದ 120 ನಿಮಿಷಗಳಿಗೊಮ್ಮೆ ಬದಲಾವಣೆಗಳುಂಟೇ ಎಂದು ವಿಚಾರಿಸುತ್ತವೆ. ಎಲ್ಲ ಯಂತ್ರಗಳೂ ಒಂದೇ ಕ್ಷಣದಲ್ಲಿ ಸರ್ವರಿನ ಮೇಲೆ ಬೀಳದಿರಲೆಂದು ಕಾಲದಲ್ಲಿ ಈ ಹೆಚ್ಚುಕಡಮೆ. ಕ್ರೋಮ್, ಎಡ್ಜ್‌ಗಳು ಈ ನಿಯಮಗಳಿಗೆ ಒಳಪಡುತ್ತವೆ. 2018ರಲ್ಲಿ ಬಂದ 60ನೆಯ ಆವೃತ್ತಿಯಿಂದ ಫೈರ್‌ಫಾಕ್ಸ್ ಸಹ.

ಭಾತಂಬ್ರಾದ ನಮ್ಮ ಶಾಲೆಗೆ ಯಾವ ನಿಯಮಗಳು ಬೇಕು? ಪಾಸ್‌ವರ್ಡುಗಳನ್ನು ಉಳಿಸಬಾರದು, ಬ್ರೌಸರನ್ನು ಮುಚ್ಚಿದೊಡನೆ ಹಿಂದಿನವರ ಕುರುಹುಗಳು ಅಳಿಯಬೇಕು. ಇವೆರಡೂ ಆ ಹುಡುಗಿಯನ್ನು ಕಾಯುತ್ತವೆ. ಇನ್ನೊಂದು ನಿಯಮವೂ ಲಭ್ಯವಿದೆ: ನೋಡಿದ ಪುಟಗಳ ಇತಿಹಾಸವನ್ನು ಯಾರೂ ಅಳಿಸದಂತೆ ತಡೆಯುವುದು. ಮಕ್ಕಳು ಏನು ನೋಡಿದರೆಂದು ತಿಳಿಯಬಯಸುವ ಹಿರಿಯರಿಗೆ ಇದು ಒಳ್ಳೆಯದೆಂದೇ ತೋರಬಹುದು. ಆದರೆ ಎಲ್ಲರೂ ಹಂಚಿಕೊಂಡ ಯಂತ್ರದಲ್ಲಿ ಆ ಹುಡುಗಿ ಓದಿದ ಪ್ರತಿಯೊಂದು ಪುಟದ ವಿಳಾಸವೂ ಮುಂದೆ ಕೂರುವವರೆಲ್ಲರ ಕಣ್ಣಿಗೆ ಬೀಳುತ್ತದೆ. ಒಂದೇ ಸಾಧನವು ಒಂದು ನಿಯಮದಿಂದ ಅವಳನ್ನು ರಕ್ಷಿಸುತ್ತದೆ, ಇನ್ನೊಂದರಿಂದ ಬಯಲಿಗೆಳೆಯುತ್ತದೆ. ಆದುದರಿಂದ ನಿಯಮವನ್ನು ಹಾಕುವ ಮೊದಲು, ಇದು ಯಾರನ್ನು ಕಾಯುತ್ತದೆ ಎಂದು ಕೇಳಿಕೊಳ್ಳತಕ್ಕದ್ದು.

ಈ ಉಪಾಯಕ್ಕೆ ಮಿತಿಯೂ ಉಂಟು. ಕ್ರೋಮಿಗೆ ಬರೆದ ನಿಯಮವು ಫೈರ್‌ಫಾಕ್ಸನ್ನು ಕಟ್ಟಿಹಾಕದು. ಪೆನ್ ಡ್ರೈವಿನಲ್ಲಿ ಬೇರೊಂದು ಬ್ರೌಸರನ್ನು ತಂದು ನಡೆಸಿದರೆ ನಿಯಮವು ವ್ಯರ್ಥವಾದೀತು. ವಿದ್ಯಾರ್ಥಿಗಳ ಖಾತೆಗೆ ನಿರ್ವಾಹಕನ ಅಧಿಕಾರವಿದ್ದರಂತೂ ನಿಯಮವನ್ನೇ ಅಳಿಸಿಬಿಡಬಹುದು. ಆದಕಾರಣ ಆ ಅಧಿಕಾರವನ್ನು ಕೊಡದಿರುವುದೂ, ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿಕೊಡುವುದೂ ಮೊದಲ ಕೆಲಸ.

ಕೊನೆಗೆ ವಾಚಕರಿಗೆ ಒಂದು ಅಭ್ಯಾಸ. ಕ್ರೋಮಿನ ವಿಳಾಸದ ಜಾಗದಲ್ಲಿ ‘ಕ್ರೋಮ್’, ಎರಡು ಚುಕ್ಕೆ, ಎರಡು ಓರೆಗೆರೆ, ‘ಪಾಲಿಸಿ’ ಎಂಬಿಷ್ಟನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿರಿ. ಆ ಬ್ರೌಸರಿಗೆ ವಿಧಿಸಿರುವ ನಿಯಮಗಳ ಪಟ್ಟಿ ಕಾಣುತ್ತದೆ. ಅದನ್ನು ನೋಡಲು ಯಾರ ಅಪ್ಪಣೆಯೂ ಸಾಮಾನ್ಯವಾಗಿ ಬೇಕಾಗದು. ಶಾಲೆಯ ಉಪಾಧ್ಯಾಯರು ಆ ಪಟ್ಟಿಯನ್ನು ಮಕ್ಕಳೊಡನೆ ಕುಳಿತು ಓದಿ, ಪ್ರತಿಯೊಂದಕ್ಕೂ ಕಾರಣ ಹೇಳುವುದು ಉಚಿತ. ಕಾರಣ ಹೇಳಲಾಗದ ನಿಯಮವೊಂದು ಅದರಲ್ಲಿ ಸಿಕ್ಕಿದರೆ, ಅದನ್ನು ತೆಗೆದುಹಾಕುವುದೇ ಮೇಲು.