ಸುದ್ದಿ ತಂದವರು ಯಾರು?

ಐದನೇ ತರಗತಿಯ ಗೋಡೆ ಪತ್ರಿಕೆಯಲ್ಲಿ ಮಳೆಹಾನಿಯ ಸುದ್ದಿ ಎಲ್ಲರ ಗಮನ ಸೆಳೆಯಿತು. "ಭಲೇ ಅಶ್ವಿನಿ!" ಎಂದು ಗೆಳತಿಯರು ಅದರ ಕೆಳಗೆ ಬರೆದರು. ಅಶ್ವಿನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಟೀಚರ್, ಇದನ್ನು ನಾನು ದಿನಪತ್ರಿಕೆ ನೋಡಿ ಬರೆದೆ."

"ಪತ್ರಿಕೆಯ ಹೆಸರು ಹಾಕಿದ್ದೀಯಾ?"

"ಇಲ್ಲ."

ಟೀಚರ್ ಹೇಳಿದರು: "ವರದಿಗಾರರು ಮಳೆಯಲ್ಲಿ ನಡೆದು, ಜನರನ್ನು ವಿಚಾರಿಸಿ ಸುದ್ದಿ ತಂದರು. ಮೆಚ್ಚುಗೆ ನಿನಗೆ ಬಂತು! ಮೊಬೈಲಿನಲ್ಲಿಯೂ ಹೀಗಾಗುವುದುಂಟು. ಹಲವು ಪತ್ರಿಕೆಗಳ ಸುದ್ದಿಯನ್ನು ಒಂದೆಡೆ ತೋರಿಸುವ ಸೇವೆಯನ್ನು ಗೂಗಲ್ 2002ರಲ್ಲಿ ಆರಂಭಿಸಿತು. ಓದುಗರಿಗೆ ಇದು ಅನುಕೂಲ. ಆದರೆ ತಲೆಬರಹವನ್ನಷ್ಟೇ ಓದಿ ಬಿಟ್ಟರೆ, ಸುದ್ದಿ ತಂದ ಪತ್ರಿಕೆಗೆ ಜಾಹೀರಾತಿನ ಆದಾಯ ಸಿಗದು. ಆದಾಯವಿಲ್ಲದೆ ವರದಿಗಾರರಿಗೆ ಸಂಬಳ ಕೊಡುವುದು ಹೇಗೆ? ಅಂತರಜಾಲದ ದೊಡ್ಡ ಕಂಪೆನಿಗಳು ಪತ್ರಿಕೆಗಳಿಗೆ ತಕ್ಕ ಹಣ ಕೊಡುವಂತಾಗಲೆಂದು ಆಸ್ಟ್ರೇಲಿಯಾ 2021ರಲ್ಲಿ ಕಾನೂನು ಮಾಡಿತು."

"ಹಾಗಾದರೆ ಇದನ್ನು ತೆಗೆದುಬಿಡಲೇ, ಟೀಚರ್?"

"ಬೇಡ. ಸಾರಾಂಶವನ್ನು ನಿನ್ನ ಮಾತಿನಲ್ಲಿ ಬರೆ. ಪತ್ರಿಕೆಯ ಹೆಸರು, ದಿನಾಂಕ ಸೇರಿಸು."

ಅಶ್ವಿನಿ ಹಾಗೆಯೇ ಮಾಡಿದಳು. ಮರುವಾರ ಅವಳು ಮುರಿದ ಕಾಲುಸಂಕದ ಬಳಿ ತಾನೇ ಹೋಗಿ, ಊರವರನ್ನು ಕೇಳಿ ಸುದ್ದಿ ಬರೆದಳು. ಅದರ ಕೆಳಗೆ ಅವಳದೇ ಹೆಸರಿತ್ತು.

ಅಭ್ಯಾಸ
1. ಅಶ್ವಿನಿಗೆ ಸಮಾಧಾನವಿರಲಿಲ್ಲ, ಏಕೆ?
2. ನಿಮ್ಮ ಊರಿನ ಒಂದು ಸುದ್ದಿಯನ್ನು ವಿಚಾರಿಸಿ ಬರೆಯಿರಿ. ತಿಳಿಸಿದವರು ಯಾರೆಂದು ಸೂಚಿಸಿರಿ.