ಕೃತಕ ಮೂತ್ರಪಿಂಡವೂ ಮನುಷ್ಯನ ಹೃದಯವೂ

ಹೃದಯವೆಂದೊಡನೆ ನಮ್ಮಂಥ ಕಲಾ ವಿಭಾಗದವರಿಗೆ ಕಾವ್ಯ ನೆನಪಾಗುವುದು ರೂಢಿ. ಎರಡು ವರ್ಷದ ಹಿಂದಿನವರೆಗೆ ನನಗೂ ಹಾಗೆಯೇ ಇತ್ತು. ಈಗ ನೆನಪಾಗುವುದು ಆಸ್ಪತ್ರೆಯ ಬಾಗಿಲಲ್ಲಿರುವ ತೂಕದ ಯಂತ್ರ. ನಮ್ಮ ದೊಡ್ಡಪ್ಪನವರ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿದ ಮೇಲೆ ಅವರನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವ ಹೊಣೆ ನನ್ನದಾಯಿತು. ಮನೆಯಲ್ಲಿ ವೈದ್ಯರ ಚೀಟಿ ಓದಬಲ್ಲವನು ನಾನೊಬ್ಬನೇ. ವಿಜ್ಞಾನ ಬಲ್ಲವರು ಈ ಲೇಖನದಲ್ಲಿ ತಪ್ಪು ಕಂಡರೆ ತಿದ್ದಬೇಕಾಗಿ ವಿನಂತಿ. ಆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಎರಡು ಸೆಮಿಸ್ಟರಿನ ಪಾಠ ಓದಿದ್ದೇನೆಂಬುದಷ್ಟೇ ಇದನ್ನು ಬರೆಯಲು ನನಗಿರುವ ಅರ್ಹತೆ.

ಒಂದು ದಿನ ವೈದ್ಯರು ಹೃದಯದ ಎಕೋ ಪರೀಕ್ಷೆ ಮಾಡಿಸಿ ಎಂದರು. ದೊಡ್ಡಪ್ಪನಿಗೆ ಸಿಟ್ಟು ಬಂದಿತು. “ಏನೋ ಇದು, ಕಾಲು ನೋವು ಅಂದ್ರೆ ತಲೆ ಮುಟ್ಟಿ ನೋಡ್ತಾರಲ್ಲ ಇವರು!” ಎಂದರು. ನನಗೂ ಅದೇ ಸಂಶಯ. ಕೆಟ್ಟಿರುವುದು ಮೂತ್ರಪಿಂಡ; ಹೃದಯದ ಗೊಡವೆ ಏಕೆ?

ಉತ್ತರ ಹುಡುಕುತ್ತ ಹೋದವನಿಗೆ ಅಮೆರಿಕದ ಸಿಯಾಟಲ್ ನಗರದ ಒಂದು ಸಂಗತಿ ಸಿಕ್ಕಿತು. ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಸೆಲೋಫೇನ್ ಕೊಳವೆ ಸುತ್ತಿದ ಕೃತಕ ಮೂತ್ರಪಿಂಡವನ್ನು ಬಳಕೆಗೆ ತಂದಿದ್ದರು. ಆದರೆ ಪ್ರತಿ ಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಅದು ಕೆಲವು ದಿನಗಳ ಉಪಚಾರವಾಗಿಯೇ ಉಳಿಯಿತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್, ರೋಗಿಯ ತೋಳಿನಲ್ಲಿಯೇ ಟೆಫ್ಲಾನ್ ಕೊಳವೆಯನ್ನು ಬಿಟ್ಟಿರುವ ಉಪಾಯ ಕಂಡುಹಿಡಿದರು. ಅದರ ಮೊದಲ ಫಲಾನುಭವಿ ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರಕುಶಲಿ. ಇನ್ನಿಲ್ಲವೆಂದು ಕೈಬಿಟ್ಟಿದ್ದ ಆತ ಹನ್ನೊಂದು ವರ್ಷ ಬದುಕಿದ. 1971ರಲ್ಲಿ ಆತ ತೀರಿಕೊಂಡದ್ದು ಮೂತ್ರಪಿಂಡದ ದೆಸೆಯಿಂದಲ್ಲ, ಹೃದಯಾಘಾತದಿಂದ. 1974ರಲ್ಲಿ ಅದೇ ಊರಿನ ವೈದ್ಯರು, ದೀರ್ಘಕಾಲ ಡಯಾಲಿಸಿಸ್ ಪಡೆದವರ ಅಪಧಮನಿಗಳು ಅಕಾಲದಲ್ಲಿಯೇ ಪೆಡಸಾಗುತ್ತವೆಂದು ಬರೆದರು. ಯಂತ್ರದ ಆಸರೆಯಲ್ಲಿರುವವರ ಪ್ರಾಣಕ್ಕೆ ಇಂದಿಗೂ ಹೆಚ್ಚಿನ ಗಂಡಾಂತರ ಹೃದಯದಿಂದಲೇ.

ಇದಕ್ಕೆ ಮುಖ್ಯ ಕಾರಣ ನೀರು. ಮೂತ್ರಪಿಂಡಗಳು ವಾರದ 168 ಗಂಟೆಯೂ ದುಡಿಯುವಂಥವು. ಯಂತ್ರವು, ವಾರಕ್ಕೆ ಮೂರು ಸರದಿ ಸಿಕ್ಕಿದರೂ, ದುಡಿಯುವುದು 12 ಗಂಟೆ. ಮಿಕ್ಕ ಹೊತ್ತು ಕುಡಿದ ನೀರು, ಉಂಡ ಉಪ್ಪು ಮೈಯಲ್ಲಿಯೇ ನಿಲ್ಲುತ್ತವೆ. ಆ ಹೊರೆಯನ್ನೂ, ಅದರಿಂದ ಏರಿದ ರಕ್ತದ ಒತ್ತಡವನ್ನೂ ಎದುರಿಸಬೇಕಾದುದು ಎಡ ಹೃತ್ಕುಕ್ಷಿ. ಮಿತಿಮೀರಿ ದುಡಿದು ಅದರ ಗೋಡೆ ದಪ್ಪವಾಗುತ್ತದೆ. ಗರಡಿಯಾಳಿನ ತೋಳು ದಪ್ಪವಾದಂತೆ ಇದೂ ಒಳ್ಳೆಯದಲ್ಲವೆ ಎಂದು ನಾನು ಕೇಳಿದ್ದುಂಟು. ಅಲ್ಲವಂತೆ. ದಪ್ಪವಾದ ಗೋಡೆ ಬಿಗಿದುಕೊಂಡು, ಬಡಿತದ ನಡುವೆ ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು. ಸ್ನಾಯು ಬೆಳೆದಷ್ಟು ಅದಕ್ಕೆ ರಕ್ತವೊದಗಿಸುವ ಸಣ್ಣ ನಾಳಗಳು ಬೆಳೆಯವು. 1995ರಲ್ಲಿ ಕೆನಡದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಡಯಾಲಿಸಿಸ್ ಆರಂಭಿಸುವಾಗಲೇ ಸುಮಾರು ಮುಕ್ಕಾಲು ಪಾಲು ರೋಗಿಗಳ ಹೃದಯ ಹೀಗೆ ದಪ್ಪವಾಗಿತ್ತು. ರಕ್ತಹೀನತೆಯೂ, ರಕ್ತನಾಳಗಳಲ್ಲಿ ಸುಣ್ಣದಂತೆ ಕಟ್ಟುವ ಕ್ಯಾಲ್ಸಿಯಂ ರಂಜಕಗಳೂ ಇದರೊಡನೆ ಸೇರುತ್ತವೆ. ದೊಡ್ಡಪ್ಪನ ಮುಂಗೈಯಲ್ಲಿ ಬೆರಳಿಟ್ಟರೆ ಜುಮ್ಮೆನ್ನುವ ಫಿಸ್ಟುಲಾ ಕೂಡ, ಅಪಧಮನಿಯ ರಕ್ತವನ್ನು ಅಡ್ಡದಾರಿಯಲ್ಲಿ ಹಿಂದಿರುಗಿಸಿ, ಹೃದಯಕ್ಕೆ ಕೆಲಸ ಹೆಚ್ಚಿಸುತ್ತದೆ.

ಇನ್ನೊಂದು ಕಾರಣ ನನಗೆ ವಿಚಿತ್ರವಾಗಿ ಕಂಡಿತು. ನೀರನ್ನು ತೆಗೆಯುವ ಕ್ರಮವೇ ಹೃದಯವನ್ನು ನೋಯಿಸಬಹುದು. ಎರಡು ಮೂರು ದಿನ ಸೇರಿದ ನೀರನ್ನು ನಾಲ್ಕು ಗಂಟೆಯಲ್ಲಿ ಹೀರಿದಾಗ ರಕ್ತದ ಒತ್ತಡ ಕುಸಿಯುತ್ತದೆ. ಹೃದಯದ ಗೋಡೆಯ ಕೆಲವು ಭಾಗಗಳು ರಕ್ತ ಸಾಲದೆ ಸ್ವಲ್ಪ ಹೊತ್ತು ಮಂಕಾಗುತ್ತವೆ. ಒಂದು ಸಲವಾದರೆ ಚೇತರಿಸಿಕೊಳ್ಳುತ್ತವೆ. ಮತ್ತೆಮತ್ತೆ ಆದರೆ ಬಲ ಕುಂದುತ್ತದೆ. ದೊಡ್ಡಪ್ಪನಿಗೆ ಮೂರನೆಯ ಗಂಟೆಯಲ್ಲಿ ಮೀನಖಂಡ ಸೆಟೆದು, ಬೆವರು ಕಿತ್ತು, ಕಣ್ಣು ಕತ್ತಲಾಗುತ್ತಿದ್ದುದರ ಅರ್ಥ ನನಗೆ ಆಗ ತಿಳಿಯಿತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಬೇಸಗೆಯಲ್ಲಿ ಅವರು ಬಾಯಾರಿ ಕೇಳಿದಾಗಲೆಲ್ಲ, ದೊಡ್ಡಮ್ಮ ಕಾಣದಂತೆ, ಉಪ್ಪು ಬೆರೆಸಿದ ಮಜ್ಜಿಗೆ ಕೊಟ್ಟವನು ನಾನೇ. ಕರುಣೆಯೆಂದುಕೊಂಡಿದ್ದೆ. ಒಂದು ಸೋಮವಾರ ತೂಕ ನಾಲ್ಕು ಕಿಲೋ ಏರಿತ್ತು; ಅವರು ಮಲಗಲಾರದೆ, ಏದುತ್ತ, ರಾತ್ರಿಯೆಲ್ಲ ಗೋಡೆಗೊರಗಿ ಕುಳಿತಿದ್ದರು. ನೋಡಲು ಬಂದ ನಂಟರಂತೂ ಎಳನೀರು, ಬಾಳೆಹಣ್ಣು ತರುತ್ತಿದ್ದರು. ಎರಡರಲ್ಲಿಯೂ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ, ಹೃದಯದ ಲಯ ತಪ್ಪಿ, ಬಡಿತವೇ ನಿಲ್ಲಬಹುದು. ರೋಗಿಯನ್ನು ನೋಡಲು ಬರಿಗೈಲಿ ಹೋಗಬಾರದೆನ್ನುವ ನಮ್ಮ ಜನಕ್ಕೆ ಇದನ್ನು ಹೇಳುವುದು ಎಷ್ಟು ಕಷ್ಟ! ಹೇಳಿದ ನನ್ನನ್ನು ಸೊಕ್ಕಿನ ಹುಡುಗನೆಂದರು.

ಸೋಮವಾರವೆಂದೆನಲ್ಲ, ಅದಕ್ಕೂ ಅರ್ಥವಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಪಡೆವವರಲ್ಲಿ, ಎರಡು ದಿನದ ಬಿಡುವಿನ ಮಾರನೆಯ ದಿನ ಸಾವೂ ಹೃದಯದ ತೊಂದರೆಗಳೂ ಹೆಚ್ಚೆಂದು 2011ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅದರ ಹಿಂದಿನ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಆರು ಸಲ ಡಯಾಲಿಸಿಸ್ ಮಾಡಿದವರ ಹೃದಯದ ದಪ್ಪ ಇಳಿದಿತ್ತು. ಬದಲಿ ಮೂತ್ರಪಿಂಡ ಜೋಡಿಸಿದ ಮೇಲೆ ಸೋತ ಹೃದಯ ಚೇತರಿಸಿಕೊಂಡದ್ದೂ ಉಂಟು. ಆದರೆ ನಮ್ಮ ದೊಡ್ಡಪ್ಪನಿಗೆ ಸಿಕ್ಕಿರುವುದು ವಾರಕ್ಕೆ ಎರಡೇ ಸರದಿ. ಯಂತ್ರಗಳು ಕಡಮೆ, ಕಾದಿರುವವರು ಹೆಚ್ಚು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿ ಬಡವರಿಗೆ ಇದನ್ನು ಉಚಿತ ಮಾಡಿದ್ದರಿಂದ ಅದಾದರೂ ಸಿಕ್ಕಿತೆಂಬುದನ್ನು ಮರೆಯಲಾರೆ.

ಕೊನೆಗೆ ಎಕೋ ಮಾಡಿಸಿದೆವು. ಗೋಡೆ ದಪ್ಪವಾಗಿದೆ, ಬಡಿತಕ್ಕೆ ಹೊರದೂಡುವ ರಕ್ತ ನೂರಕ್ಕೆ ಐವತ್ತು ಎಂದು ಬರೆದಿತ್ತು. “ಐವತ್ತೇನಾ?” ಎಂದು ದೊಡ್ಡಪ್ಪ ಮುಖ ಸಣ್ಣದು ಮಾಡಿಕೊಂಡರು. ಆರೋಗ್ಯವಂತರಿಗೂ ನೂರು ಬರುವುದಿಲ್ಲ, 55ರಿಂದ 70 ಬಂದರೆ ಸರಿ, ನಮ್ಮ ಬಿ.ಎ.ಯಲ್ಲಾದರೆ ಐವತ್ತು ಸೆಕೆಂಡ್ ಕ್ಲಾಸ್ ಎಂದೆ. ಈಗ ಬೆಳಗ್ಗೆ ವೈದ್ಯರು ಹೇಳಿದಷ್ಟೇ ನೀರನ್ನು ಒಂದು ಬಾಟಲಿಗೆ ತುಂಬಿ ಅವರ ತಲೆದೆಸೆಯಲ್ಲಿಡುತ್ತೇನೆ. ಕಳೆದ ಸೋಮವಾರ ಏರಿದ್ದ ತೂಕ ಎರಡು ಕಿಲೋ. ಮಜ್ಜಿಗೆಯನ್ನು ಅವರು ಈಗಲೂ ಕೇಳುತ್ತಾರೆ.